ತಾರೀಖು ದಾಟಿದ ಇನ್ಸುಲಿನ್

ನನ್ನ ಬೇನೆ ನೀರಡಿಕೆಯಿಂದ ಶುರುವಾಯಿತು. ಮದುವೆಯಾಗಿ ತಿಕೋಟಾಕ್ಕೆ ಬಂದು ವರ್ಷದ ಮೇಲಾಗಿತ್ತು. ದೂರದ ದೇಶಗಳಲ್ಲಿ ದೊಡ್ಡ ಲಡಾಯಿ ನಡೆದಿದ್ದ ಕಾಲ ಅದು. ನಮ್ಮದು ಗಾಣದ ಮನೆ. ಕುಸುಬಿ ಎಣ್ಣೆಯ ವಾಸನೆ ಗೋಡೆಗೂ ಸೀರೆಗೂ ಹತ್ತಿಕೊಂಡ ಮನೆ. ಎತ್ತು ಗಾಣ ಸುತ್ತುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಕುಸುಬಿ ಹಸನು ಮಾಡುತ್ತಿದ್ದೆ. ನಡುನಡುವೆ ಎದ್ದು ನೀರಿನ ಹರವಿಯ ಕಡೆ ಹೋಗುತ್ತಿದ್ದೆ. ಕುಡಿದಷ್ಟೂ ನಾಲಿಗೆ ಒಣಗುತ್ತಿತ್ತು. ತಿಂದದ್ದು ಎಲ್ಲಿ ಹೋಗುತ್ತಿತ್ತೋ ತಿಳಿಯದು. ಮೈ ಕರಗುತ್ತ ಬಂದು, ಕೈಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಇದನ್ನು ಮೊದಲು ಗಮನಿಸಿದ್ದು ನಮ್ಮ ಅತ್ತೆ ನೀಲವ್ವ. ನಾನು ಬಚ್ಚಲಿಗೆ ಹೋಗಿ ಬಂದ ಕಡೆಯೆಲ್ಲ ಇರುವೆ ಮುತ್ತುತ್ತಿದ್ದವು. ಅತ್ತೆ ಅದನ್ನು ನೋಡಿದಳು. ಆಮೇಲೆ ನನ್ನ ಗಂಡ ಮಲ್ಲಪ್ಪನನ್ನು ಕರೆದು, "ಗಂಗವ್ವನ್ನ ವಿಜಾಪುರಕ್ಕ ಕರಕೊಂಡು ಹೋಗೂಣು ನಡಿ. ನಮ್ಮ ಸ್ವಾದರಮಾವಗೂ ಹಿಂಗ ಆಗಿತ್ತು," ಎಂದಳು. ಆ ಸೋದರಮಾವನಿಗೆ ಮುಂದೇನಾಯಿತು ಎಂದು ನಾನು ಕೇಳಲಿಲ್ಲ. ಅವಳ ಮುಖವೇ ಹೇಳುತ್ತಿತ್ತು.

ಲಡಾಯಿಯ ದೆಸೆಯಿಂದ ಪೆಟ್ರೋಲ್ ಸಿಗುತ್ತಿರಲಿಲ್ಲ. ಮೋಟಾರಿನ ಹಿಂದೆ ಇದ್ದಲಿಯ ಒಲೆ ಕಟ್ಟಿ, ಅದರ ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಏರು ಬಂದಾಗ ಜನರೆಲ್ಲ ಇಳಿಯಬೇಕು. ನಾನೂ ಇಳಿದೆ, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಅತ್ತೆ ನನ್ನ ಸೊಂಟಕ್ಕೆ ಕೈ ಕೊಟ್ಟು ಏರು ಹತ್ತಿಸಿದಳು.

ಜೋರಾಪುರ ಪೇಟೆಯಲ್ಲಿ ವಾಮನರಾವ್ ಡಾಕ್ಟರ ದವಾಖಾನೆ ಇತ್ತು. ಹೊರಗಿನ ಪಡಸಾಲೆಯಲ್ಲಿ ಕೂರಲು ಎರಡು ಮರದ ಬಾಕು. ಕೆಮ್ಮುವವರು, ಜ್ವರದವರು, ಕಣ್ಣು ಕಟ್ಟಿಕೊಂಡವರು ಎಲ್ಲರೂ ಅಲ್ಲೇ ಒತ್ತೊತ್ತಾಗಿ ಕೂರಬೇಕು. ಕಾಯುತ್ತ ಕೂತಾಗ ಮನುಷ್ಯ ಬೇರೆಯವರ ಬೇನೆಯನ್ನು ತನ್ನದರ ಜೊತೆ ತೂಗಿ ನೋಡುತ್ತಾನೆ. ನನಗೆ ಕೆಮ್ಮಿಲ್ಲ, ಜ್ವರವಿಲ್ಲ, ಗಾಯವಿಲ್ಲ. ನಾನೇ ಇವರೆಲ್ಲರಿಗಿಂತ ಗಟ್ಟಿ ಎಂದು ಸಮಾಧಾನ ಮಾಡಿಕೊಂಡೆ.

ಒಳಗೆ ಡಾಕ್ಟರು ಗಾಜಿನ ನಳಿಗೆಯಲ್ಲಿ ನೀಲಿ ನೀರು ಹಾಕಿ, ನನ್ನ ಮೂತ್ರದ ನಾಲ್ಕು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಂಗಿಯ ಕೆಂಪಾಗಿ ನಿಂತಿತು. ನನಗೆ ಅದು ಜಾತ್ರೆಯ ಜಾದೂವಿನಂತೆ ಚೆಂದ ಕಂಡಿತು. ಡಾಕ್ಟರು ಮಾತ್ರ ನಳಿಗೆ ಕೆಳಗಿಟ್ಟು ಕನ್ನಡಕ ತೆಗೆದರು.

"ಸಕ್ಕರಿ ಬ್ಯಾನಿ ಅದ. ಇಷ್ಟು ಸಣ್ಣ ವಯಸ್ಸಿನಾಗ ಬಂದದ್ದು ಗುಳಿಗಿಗೆ ಬಗ್ಗೂದಿಲ್ಲ, ಪಥ್ಯಕ್ಕೂ ಬಗ್ಗೂದಿಲ್ಲ. ದಿನಾ ಇನ್ಸುಲಿನ್ ಚುಚ್ಚಬೇಕು, ಮುಂಜಾನಿ ಒಮ್ಮೆ, ಸಂಜಿಗೆ ಒಮ್ಮೆ."

"ಎಷ್ಟ ದಿನಾರಿ?" ಎಂದರು ನಮ್ಮವರು.

"ಇರೂತನಕ."

ಸುದ್ದಿ ಬಬಲೇಶ್ವರಕ್ಕೆ ಮುಟ್ಟಿತು. ಅಲ್ಲಿಂದ ನನ್ನ ಅಪ್ಪ ಬಂದ. ಗಾಣದ ಮುಂದೆ ನೆಲ ನೋಡುತ್ತ ನಿಂತು, "ಬೀಗತಿ, ಹಿಂಗಾಗ್ತದಂತ ನಮಗ ಗೊತ್ತಿರಲಿಲ್ರಿ. ಮಗಳನ್ನ ನಾನು ಕರಕೊಂಡು ಹೋಗ್ತೇನಿ. ನಿಮಗ್ಯಾಕ ಈ ತ್ರಾಸು," ಎಂದ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ.

ಅತ್ತೆ ಅವನಿಗೆ ಮಜ್ಜಿಗೆ ತಂದಿಟ್ಟಳು. "ಕುಡೀರಿ ಮದ್ಲ. ಸೂಜಿ ಚುಚ್ಚೂದು ನಾ ಕಲ್ಯಾಕತ್ತೇನಿ. ಅರ್ಧ ಕಲ್ತೇನಿ. ಈಗ ಕರಕೊಂಡು ಹೋದ್ರ ಕಲ್ತದ್ದು ಯಾರಿಗಿ ಚುಚ್ಚಲಿ?"

ಅಪ್ಪ ಮಜ್ಜಿಗೆ ಕುಡಿಯುತ್ತ ಅತ್ತುಬಿಟ್ಟ.

ಅತ್ತೆ ಕಲಿತದ್ದು ಬದನೇಕಾಯಿಯ ಮೇಲೆ. ಡಾಕ್ಟರು ನಿಂಬೆಹಣ್ಣಿನ ಮೇಲೆ ರೂಢಿ ಮಾಡಿರೆಂದಿದ್ದರು. "ನಿಂಬಿ ತೊಗಲು ದಪ್ಪ, ನಮ್ಮ ಹುಡುಗಿದು ತೆಳು," ಎಂದು ಅವಳೇ ಬದಲಾಯಿಸಿದಳು. ಗಾಜಿನ ಪಿಚಕಾರಿಯನ್ನು ಕುದಿಸುವುದು, ಮೊಂಡಾದ ಸೂಜಿಯನ್ನು ಸಾಣೆಕಲ್ಲಿಗೆ ತೀಡುವುದು, ಗೆರೆ ನೋಡಿ ಔಷಧ ಎಳೆಯುವುದು, ಡಾಕ್ಟರು ಕೊಟ್ಟ ನಳಿಗೆಯಲ್ಲಿ ನೀಲಿ ನೀರು ಕಾಯಿಸಿ ಬಣ್ಣ ನೋಡುವುದು ಎಲ್ಲ ಅವಳ ಕೈಗೆ ಬಂತು. ನೀರು ತುಂಬಿಸಿಕೊಂಡು ಉಬ್ಬಿದ ಬದನೇಕಾಯಿಗಳನ್ನು ಸಂಜೆ ಎಣ್ಣೆಗಾಯಿ ಮಾಡುತ್ತಿದ್ದಳು. ನಮ್ಮವರು ಉಣ್ಣುತ್ತ, "ಇವತ್ತು ಯಾರಿಗಿ ಆರಾಮ ಆತು?" ಎಂದು ಕೇಳುತ್ತಿದ್ದರು. ಆ ದಿನಗಳಲ್ಲಿ ನಾವು ನಕ್ಕದ್ದೂ ಉಂಟು, ಇದನ್ನು ಹೇಳಲೇಬೇಕು. ಹೊಸದಾಗಿ ಬೇನೆ ತಿಳಿದವರಿಗೆ ಇನ್ನು ಮನೆಯಲ್ಲಿ ನಗು ಮುಗಿಯಿತು ಅನ್ನಿಸುತ್ತದೆ. ಹಾಗೇನಿಲ್ಲ.

ಇನ್ಸುಲಿನ್ ಬಾಟ್ಲಿಗೆ ತಂಪು ಬೇಕು. ನೀರಿನ ಹರವಿಯ ಪಕ್ಕ ಉಸುಕು ಸುರಿದು, ಅದನ್ನು ಸದಾ ಹಸಿ ಇಟ್ಟು, ನಡುವೆ ಹೂಳಿದ ಸಣ್ಣ ಗಡಿಗೆಯಲ್ಲಿ ಬಾಟ್ಲಿ ಇಡುತ್ತಿದ್ದೆವು. ಮೈ ತುಂಬಿಕೊಳ್ಳತೊಡಗಿತು. ಬಳೆಗಳು ಮತ್ತೆ ಮಣಿಕಟ್ಟಿಗೆ ಬಂದು ನಿಂತವು.

ಆಮೇಲೆ ಇನ್ಸುಲಿನ್ ಬರುವುದು ನಿಂತಿತು. ಹಡಗುಗಳು ಬರುತ್ತಿಲ್ಲ, ಮುಂಬಯಿಯಲ್ಲೇ ಇಲ್ಲ, ಸೊಲ್ಲಾಪುರದಲ್ಲೂ ಸಿಗುತ್ತಿಲ್ಲ ಎಂದರು. ನಮ್ಮ ಬಾಟ್ಲಿ ತಳಕ್ಕೆ ಬಂದಾಗ ಮತ್ತೆ ಜೋರಾಪುರ ಪೇಟೆಯ ಬಾಕಿನ ಮೇಲೆ ಹೋಗಿ ಕೂತೆವು.

ಡಾಕ್ಟರು ಒಂದು ಬಾಟ್ಲಿ ತಂದು ಮೇಜಿನ ಮೇಲಿಟ್ಟರು. ನಮ್ಮ ಕೈಗೆ ಮಾತ್ರ ಕೊಡಲಿಲ್ಲ.

"ಇದೊಂದು ಉಳದದ. ಆದರ ಇದರ ಮ್ಯಾಲಿನ ತಾರೀಖು ದಾಟಿ ಹೋಗ್ಯದ. ನಾ ಮುಚ್ಚಿಟ್ಟು ಕೊಡೂ ಮನಷ್ಯಾ ಅಲ್ಲ."

"ದಾಟೇತಿ ಅಂದ್ರ ವಿಷ ಆಗೇತೇನ್ರಿ?" ಅತ್ತೆ ಕೇಳಿದಳು.

"ವಿಷ ಆಗೂದಿಲ್ಲ. ಸತ್ವ ಕಡಿಮಿ ಆಗಿರಬಹುದು. ಎಷ್ಟು ಹೋಗ್ಯದ, ಎಷ್ಟು ಉಳದದ ಅಂತ ನೋಡಿ ಹೇಳ್ಲಿಕ್ಕೆ ನನಗೂ ಬರೂದಿಲ್ಲ."

"ಹಂಗಾರ ಸ್ವಲ್ಪ ಜಾಸ್ತಿ ಚುಚ್ಚಿದ್ರ?" ನಮ್ಮವರು ಕೇಳಿದರು.

"ಏ, ಬ್ಯಾಡ! ಸತ್ವ ಪೂರಾ ಉಳದಿದ್ರ ಸಕ್ಕರಿ ಒಮ್ಮೆಲೆ ಇಳದು ಜೀವಕ್ಕ ಬರ್ತದ. ಎಂದಿನಷ್ಟ ಚುಚ್ಚರಿ. ನೀಲಿ ನೀರಿನ ಪರೀಕ್ಷಾ ದಿನಾ ಬಿಡದ ಮಾಡ್ರಿ. ಕೆಂಪ ಆತು ಅಂದ್ರ ಇದನ್ನ ನಂಬಬ್ಯಾಡ್ರಿ, ಅವತ್ತ ಇಲ್ಲಿ ಬರ್ರಿ." ಬಾಟ್ಲಿಯನ್ನು ಅತ್ತೆಯ ಕಡೆ ಸರಿಸಿ ಹೇಳಿದರು: "ಬ್ಯಾರೆ ಇದ್ದಿದ್ರ ಇದನ್ನ ಕೊಡ್ತಿರಲಿಲ್ಲ. ಏನೂ ಇಲ್ಲದಕ್ಕಿಂತ ಇದು ಛಲೋ, ಅಷ್ಟ."

ಮರುದಿನ ಬೆಳಿಗ್ಗೆ ಅತ್ತೆ ನಳಿಗೆ ಕಾಯಿಸಲು ಕೂತಾಗ ಮೂವರೂ ದೀಪದ ಮೇಲೆ ಬಗ್ಗಿದ್ದೆವು. ನೀಲಿ ಹಸಿರಾಯಿತು. ಅಲ್ಲಿಗೇ ನಿಂತಿತು. ಅತ್ತೆ ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಹಸಿರೇ. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು, ಹಸಿರೇ.

ನಮ್ಮವರಿಗೆ ಧೈರ್ಯ ಬಂತು. "ಈ ತಾರೀಖು ಅನ್ನೂದು ಕಂಪನಿಯವರ ಆಟ. ಹಳೇದು ಚೆಲ್ಲಿ ಹೊಸಾದು ತಗೊಳ್ಳಲಿ ಅಂತ ಬರದಿರ್ತಾರ. ಎಣ್ಣಿ ಏನು ತಾರೀಖು ನೋಡಿ ಕೆಡ್ತೈತೇನು?" ಎನ್ನತೊಡಗಿದರು. ಅತ್ತೆ ನಳಿಗೆ ಕಾಯಿಸುವುದನ್ನು ಒಂದು ದಿನವೂ ಬಿಡಲಿಲ್ಲ. ನನಗೆ ಮಾತ್ರ ಆ ಮಾತು ಹಿತವಾಗಿತ್ತು. ಹೆದರಿದವರಿಗೆ ಹೆದರಿಕೆ ಸುಳ್ಳು ಎಂದು ಯಾರಾದರೂ ಹೇಳುವುದೇ ಬೇಕಾಗಿರುತ್ತದೆ.

ಬೇಸಿಗೆಗೆ ನನ್ನ ತಮ್ಮನ ಮದುವೆ ಗೊತ್ತಾಯಿತು. ಆ ಬಾಟ್ಲಿಯೂ ಮುಗಿಯಲು ಬಂದಿತ್ತು. ನಮ್ಮವರು ಪೇಟೆಯೆಲ್ಲ ಅಲೆದು, ಬಾಗಿಲು ಹಾಕಿದ್ದ ಒಂದು ಔಷಧದ ಅಂಗಡಿಯ ಉಳಿದ ಸಾಮಾನಿನಲ್ಲಿ ಒಂದು ಬಾಟ್ಲಿ ಹುಡುಕಿ ತಂದರು. ಗೆದ್ದು ಬಂದವರಂತೆ ಅದನ್ನು ನನ್ನ ಅಂಗೈಯಲ್ಲಿಟ್ಟು, "ನೋಡು, ಇದರ ತಾರೀಖೂ ದಾಟೇತಿ ಖರೇ. ಆದ್ರ ಡಾಕ್ಟರು ಕೊಟ್ಟಿದ್ರಲ್ಲ, ಅದಕ್ಕಿಂತ ಇದು ಹೊಸಾದು. ಅದ ನಡದೈತಿ ಅಂದಮ್ಯಾಲ ಇದಕ್ಕೇನ ಧಾಡಿ?" ಎಂದರು. ಲೆಕ್ಕ ಸರಿಯಾಗಿಯೇ ಕಂಡಿತು. ಆ ಅಂಗಡಿಗೆ ತಗಡಿನ ಮಾಡಿತ್ತು, ಬಾಟ್ಲಿ ವಿಜಾಪುರದ ಬಿಸಿಲಿನಲ್ಲಿ ಎಷ್ಟು ಕಾಲ ಕಾದಿತ್ತೋ ಎಂಬುದು ನಮ್ಮಿಬ್ಬರ ತಲೆಗೂ ಬರಲಿಲ್ಲ.

ಬಬಲೇಶ್ವರಕ್ಕೆ ನಾನು ನಮ್ಮವರ ಜೊತೆ ಮುಂಚೆ ಹೋದೆ. ಅತ್ತೆ ಮದುವೆಯ ಹೊತ್ತಿಗೆ ಬರುವುದೆಂದಾಗಿತ್ತು. ಅಷ್ಟರಲ್ಲಿ ನಾನೇ ಚುಚ್ಚಿಕೊಳ್ಳಲು ಕಲಿತಿದ್ದೆ. ಹೊಸ ಬಾಟ್ಲಿಯನ್ನು ಬೆಳಕಿಗೆ ಹಿಡಿದಾಗ, ತಿಳಿನೀರಿನಂತೆ ಇರಬೇಕಾದ ಔಷಧದ ತಳದಲ್ಲಿ ಅರಳೆಯ ಎಳೆಯಂಥದ್ದು ತೇಲುವುದು ಕಂಡಿತು. ನಮ್ಮವರಿಗೆ ತೋರಿಸಿದೆ. ಅವರು ಅಲುಗಾಡಿಸಿದರು, ಎಳೆ ಚದುರಿತು. "ಬೂಚಿಂದು ಏನರ ಬಿದ್ದಿರಬೇಕು," ಎಂದರು.

ನೀಲಿ ನೀರಿನ ಪರೀಕ್ಷೆ? ಸಾಮಾನು ನನ್ನ ಗಂಟಿನಲ್ಲೇ ಇತ್ತು. ಆದರೆ ಮದುವೆ ಮನೆ. ಮೂಲೆ ಮೂಲೆಗೂ ಜನ, ಒಲೆ ಒಲೆಗೂ ಹೋಳಿಗೆಯ ಸಡಗರ. ಮಡಿ, ಮೈಲಿಗೆ ನೋಡುವ ದೊಡ್ಡಮ್ಮಂದಿರ ನಡುವೆ ಮೂತ್ರದ ನಳಿಗೆ ಹಿಡಿದು ಎಲ್ಲಿ ಕೂರಲಿ? ನಾಳೆ ಮಾಡಿದರಾಯಿತು ಎಂದು ಬಿಟ್ಟೆ. ಈ ಬೇನೆಯಲ್ಲಿ ಎಷ್ಟೋ ಜನ ಔಷಧವಿಲ್ಲದೆ ಅಲ್ಲ, ನಾಚಿಕೆಯಿಂದಲೇ ಕೆಡುತ್ತಾರೆ. ಅದನ್ನು ಬಲ್ಲೆ, ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ನೀರಡಿಕೆ ಮರಳಿ ಬಂತು. ಬಿಸಿಲು ಎಂದುಕೊಂಡೆ. ಹೊಟ್ಟೆ ನುಲಿಯಿತು, ತಿಂದದ್ದು ಹೊರಗೆ ಬಂತು. ಅರಿಸಿನ ಹಚ್ಚುವ ದಿನ ನಾನು ಹಿತ್ತಲಲ್ಲಿ ವಾಂತಿ ಮಾಡುತ್ತಿದ್ದಾಗ ನನ್ನ ದೊಡ್ಡಮ್ಮ ನೋಡಿದಳು. ಅವಳ ಮುಖ ಅರಳಿತು.

"ಏ, ಬರ್ರೇ ಇಲ್ಲೆ! ನಮ್ಮ ಗಂಗವ್ವ ಸಿಹಿ ಸುದ್ದಿ ತಂದಾಳ!"

ಹೆಂಗಸರೆಲ್ಲ ಸುತ್ತ ಸೇರಿದರು. ಯಾರೋ ತಲೆ ನೇವರಿಸಿದರು, ಯಾರೋ ಹುಣಸೆಹಣ್ಣು ಬೆಲ್ಲ ತಂದು ಬಾಯಿಗಿಟ್ಟರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೇನೆಯ ಮಗಳು ಎಂದು ಕೊರಗುತ್ತಿದ್ದವಳು ಅವಳು. ನನಗೆ ಮೈಯೆಲ್ಲ ಬಿಟ್ಟುಹೋಗುವಷ್ಟು ಸುಸ್ತು. ಆದರೂ ಒಳಗೆ ಏನೋ ಕುಣಿಯಿತು. ಹೌದಾಗಿದ್ದರೆ? ಈ ಸುಸ್ತು ಅದೇ ಆಗಿದ್ದರೆ? ನಮ್ಮವರು ದೂರದಲ್ಲಿ ಹಂದರದ ಕಂಬ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಬಂದಳು. ಎಲ್ಲರೂ ಸುದ್ದಿ ಹೇಳಲು ಅವಳನ್ನು ಮುತ್ತಿದರು. ಅವಳು ಕೇಳುತ್ತಲೇ ನಾನು ಮಲಗಿದ್ದ ಕೋಣೆಗೆ ಬಂದು ಮುಖದ ಹತ್ತಿರ ಬಗ್ಗಿದಳು. ನನ್ನ ಉಸಿರು ಏದುತ್ತಿತ್ತು, ಅದಕ್ಕೆ ಕೊಳೆತ ಹಣ್ಣಿನ ವಾಸನೆ ಇತ್ತು.

"ಇದು ಬಸರಲ್ಲ," ಎಂದಳು. "ನಳಿಗಿ ಎಲ್ಲೈತಿ?"

ಮಡಿಯ ಅಡುಗೆ ಮನೆಯೊಳಗೇ ನಡೆದು, ಒಲೆಯ ಮುಂದೆ ಕೂತು, ಎಲ್ಲರೂ ನೋಡುತ್ತಿರುವಂತೆಯೇ ಕಾಯಿಸಿದಳು. ಯಾರೋ ಬೇಡವೆನ್ನಲು ಹೋದರು. ಅಷ್ಟರಲ್ಲಿ ಬಣ್ಣ ಕೆಂಪಾಯಿತು. ಸಿಹಿ ಸುದ್ದಿ ಸಾರಿದ್ದ ದೊಡ್ಡಮ್ಮನೇ ಬಂಡಿಯಲ್ಲಿ ಹಾಸಲು ತನ್ನ ಹೊಸ ಕೌದಿ ತಂದಳು.

ವಿಜಾಪುರದ ದಾರಿ ನನಗೆ ತುಂಡು ತುಂಡಾಗಿ ನೆನಪಿದೆ. ಅತ್ತೆಯ ತೊಡೆ. ಒದ್ದೆ ಬಟ್ಟೆಯಿಂದ ತುಟಿಗೆ ಹಿಂಡುತ್ತಿದ್ದ ನೀರು. ಎತ್ತುಗಳನ್ನು ಎಂದೂ ಹೊಡೆಯದ ನಮ್ಮವರು ಅವನ್ನು ಬಾರುಕೋಲಿನಿಂದ ಹೊಡೆಯುತ್ತಿದ್ದ ಸದ್ದು.

ಜೋರಾಪುರ ಪೇಟೆಯಲ್ಲಿ ನನ್ನನ್ನು ಬಾಕಿನ ಮೇಲೆ ಮಲಗಿಸಲು ಜನ ಎದ್ದು ಜಾಗ ಬಿಟ್ಟರು. ಡಾಕ್ಟರು ನಾಡಿ ನೋಡಿದರು, ಕಣ್ಣು ನೋಡಿದರು. ನಮ್ಮವರು ಬಾಟ್ಲಿ ತೋರಿಸಿದರು. ಅದನ್ನು ಬೆಳಕಿಗೆ ಹಿಡಿದು, "ಇದು ಸತ್ತು ಎಷ್ಟೋ ದಿನಾ ಆಗ್ಯದ. ಈಕಿಗೆ ಬರೇ ನೀರು ಚುಚ್ಚೀರಿ," ಎಂದರು.

"ಬ್ಯಾರೆ ಕೊಡ್ರಿ, ಸಾಹೇಬ್ರ," ಎಂದರು ನಮ್ಮವರು.

"ನನ್ನ ಹತ್ರ ಇಲ್ಲ. ಉಪ್ಪಿನ ನೀರು ಏರಿಸ್ತೇನಿ, ಆದರ ಇನ್ಸುಲಿನ್ ಇಲ್ಲದ ಬರೇ ಅದರಿಂದ ಉಳಸಲಿಕ್ಕೆ ಆಗೂದಿಲ್ಲ." ನನ್ನ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿದ್ದವು, ಆದರೆ ಎಲ್ಲ ಕೇಳುತ್ತಿತ್ತು. ಸಾಯುವುದು ಇಷ್ಟೇ ಏನು ಅನ್ನಿಸಿತು; ಹೆದರಿಕೆಗಿಂತ ನಿದ್ದೆ ಹೆಚ್ಚಾಗಿತ್ತು.

ಆಗ ಎದುರಿನ ಬಾಕಿನಿಂದ ಒಂದು ದಪ್ಪ ದನಿ ಬಂತು. "ಡಾಕ್ಟ್ರ, ನನ್ನದು ತಗೋರಿ."

ಮಮದಾಪುರದ ಸಂಗನಬಸಪ್ಪ ಎಂಬ ಹಿರಿಯರು ಅವರು. ಕುರಿ ಸಾಕಿ ದೊಡ್ಡ ಬದುಕು ಮಾಡಿದವರು, ಭಾರಿ ಮೈಯವರು. ನನ್ನದೇ ಬೇನೆ, ಆದರೆ ಮುಪ್ಪಿನಲ್ಲಿ ಬಂದದ್ದು. ಸೊಲ್ಲಾಪುರದ ನೆಂಟರಿಂದ ಹೇಗೋ ಒಂದು ಬಾಟ್ಲಿ ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಾಕ್ಟರ ಕೈಯಲ್ಲಿ ಚುಚ್ಚಿಸಿಕೊಳ್ಳಲು ತಂದಿದ್ದರು.

"ಅಜ್ಜಾರ, ನಿಮಗೂ ಬೇಕಲ್ಲ ಅದು," ಎಂದರು ಡಾಕ್ಟರು.

"ಬೇಕು. ಆದ್ರ ಒಂದು ಮಾತು ಖರೇ ಹೇಳ್ರಿ. ನಾ ಬಾಯಿ ಕಟ್ಟಿದ್ರ ನಡೀತೈತೋ ಇಲ್ಲೋ?"

"ನಿಮ್ಮದು ಬ್ಯಾರೆ ಥರದ್ದು. ಬಾಳ ಕಟ್ಟುನಿಟ್ಟು ಮಾಡಿದ್ರ ಸ್ವಲ್ಪ ದಿನಾ ನಡೀಬಹುದು. ಖಾತ್ರಿ ಕೊಡ್ಲಿಕ್ಕೆ ಬರೂದಿಲ್ಲ."

"ಆಕಿದು?"

ಡಾಕ್ಟರು ನನ್ನ ನಾಡಿಯ ಮೇಲೆ ಮತ್ತೆ ಬೆರಳಿಟ್ಟರು. ಸಂಗನಬಸಪ್ಪನವರು ಬಟ್ಟೆ ಬಿಚ್ಚಿ ಬಾಟ್ಲಿಯನ್ನು ಅತ್ತೆಯ ಕೈಗಿತ್ತರು. "ತಗೋ ತಂಗಿ. ಇದರ ತಾರೀಖು ಇನ್ನೂ ಐತಿ, ನೋಡಿಸೇನಿ."

ಅತ್ತೆ ಅವರ ಕಾಲಿಗೆ ಬೀಳಲು ಬಗ್ಗಿದಳು. "ಅದೆಲ್ಲ ಆಮ್ಯಾಲ. ಮದ್ಲ ಚುಚ್ಚಸ್ರಿ," ಎಂದರು ಅವರು.

ನಾನು ಪೂರ್ತಿ ಎಚ್ಚರವಾದಾಗ ಹಗಲು ಹೊತ್ತು. ದವಾಖಾನೆಯ ಒಳಗಿನ ಮಂಚ. ಅತ್ತೆ ಕೂತಲ್ಲೇ ಗೋಡೆಗೊರಗಿ ನಿದ್ದೆ ಮಾಡುತ್ತಿದ್ದಳು. ನಮ್ಮವರು ಬಾಗಿಲ ಹೊಸ್ತಿಲ ಮೇಲೆ ನನ್ನ ಕಡೆ ಬೆನ್ನು ಮಾಡಿ ಕೂತಿದ್ದರು. ನಾನು ಕರೆದದ್ದು ಕೇಳಿ ತಿರುಗಿದರು, ಮುಖ ಊದಿತ್ತು.

"ನಾನ ತಂದೆ ಆ ಬಾಟ್ಲಿ," ಎಂದರು.

"ನನ್ನ ಉಳಸೂ ಸಲವಾಗೇ ತಂದಿದ್ರಿ," ಎಂದೆ. ಅದು ಸುಳ್ಳು ಸಮಾಧಾನವಲ್ಲ. ಆ ಬಿಸಿಲಲ್ಲಿ ಪೇಟೆಯೆಲ್ಲ ಅಲೆದವರು ಅವರು.

ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದಾಗ ನಮ್ಮವರು ಕೇಳಿಯೇಬಿಟ್ಟರು. "ನೀವು ಕೊಟ್ಟದ್ದೂ ತಾರೀಖು ದಾಟಿದ್ದ. ಅದು ನಡೀತು. ಇದ್ಯಾಕ ನಡೀಲಿಲ್ರಿ?"

"ಅದನ್ನ ತಂಪಿನ್ಯಾಗ ಇಟ್ಟಿದ್ದೆ, ಇದು ಬಿಸಲಾಗ ಬೆಂದದ," ಎಂದರು ಡಾಕ್ಟರು. "ಬಾಟ್ಲಿ ಮ್ಯಾಲಿನ ತಾರೀಖು ಅಂದ್ರ, ಹೇಳಿದ ಹಂಗ ಇಟ್ಟರ ಅಲ್ಲೀತನಕ ಕೆಲಸಾ ಮಾಡ್ತದ ಅಂತ ಮಾಡಿದವರು ಕೊಡೂ ಭಾಷಾ. ಆಮ್ಯಾಲ ಔಷಧ ಇದ್ದರೂ ಇರಬಹುದು, ಹೋಗಿದ್ದರೂ ಹೋಗಿರಬಹುದು. ತಲಿನೋವಿನ ಗುಳಿಗಿದು ಸತ್ವ ಹೋಗಿದ್ರ ತಲಿ ಇನ್ನೊಂದು ತಾಸು ನೋಯ್ತದ. ಇದರದು ಹೋಗಿದ್ರ ಮನಷ್ಯಾ ಹೋಗ್ತಾನ. ಅವತ್ತ ನಾ ಕೊಟ್ಟೆನಲ್ಲ, ನೀವು ಮತ್ತ ಬಂದು ಬಣ್ಣ ಹಸರ ಅದ ಅಂತ ಹೇಳೂತನಕ ನನಗ ಊಟ ರುಚಿಸಿರಲಿಲ್ಲ."

ಅವರು ಹೋದ ಮೇಲೆ ನಾನು ಅತ್ತೆಯನ್ನು ಕೇಳಿದೆ, ಹೊಟ್ಟೆಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲವೇ ಎಂದು. ಅವಳು ಇಲ್ಲವೆಂದು ತಲೆಯಾಡಿಸಿದಳು. ಆಗ ಅತ್ತೆ, ಗಂಡ ಇಬ್ಬರ ಮುಂದೆಯೂ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸಾವಿನ ಹತ್ತಿರ ಹೋಗಿ ಬಂದದ್ದಕ್ಕೆ ಬಾರದ ಅಳು, ಹಿತ್ತಲಿನಲ್ಲಿ ಸಿಕ್ಕ ಆ ಒಂದು ದಿನದ ಸಂತೋಷಕ್ಕೆ ಬಂತು. ಮುಂದೆಯೂ ನಮಗೆ ಮಕ್ಕಳಾಗಲಿಲ್ಲ. ಅತ್ತೆ ಬದುಕಿರುವವರೆಗೆ ಒಮ್ಮೆಯೂ ಆ ಮಾತೆತ್ತಲಿಲ್ಲ. ಅವಳು ಎತ್ತಲಿಲ್ಲವೆಂಬುದನ್ನು ಇಷ್ಟು ವರ್ಷಗಳ ಮೇಲೂ ನಾನು ಮರೆತಿಲ್ಲ.

ಸಂಗನಬಸಪ್ಪನವರ ಬಾಟ್ಲಿ ನನ್ನನ್ನು ಮಳೆಗಾಲದವರೆಗೆ ದಾಟಿಸಿತು. ಅಷ್ಟರಲ್ಲಿ ಡಾಕ್ಟರಿಗೆ ಸ್ವಲ್ಪ ಸ್ವಲ್ಪ ಮಾಲು ಬರತೊಡಗಿತು. ಲಡಾಯಿ ನಿಂತು ಇನ್ಸುಲಿನ್ ಸಲೀಸಾಗಿ ಸಿಗುವಂತಾದಾಗ, ನಾನೂ ಅತ್ತೆಯೂ ಒಂದು ಬಾಟ್ಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮಮದಾಪುರಕ್ಕೆ ಹೋದೆವು.

ಕೆರೆಯ ಕಡೆ ಮುಖವಿದ್ದ ಮನೆ. ಕಟ್ಟೆಯ ಮೇಲೆ ಕೂತಿದ್ದವರನ್ನು ನಾನು ಗುರುತಿಸಲಿಲ್ಲ. ಆ ಭಾರಿ ಮೈ ಅರ್ಧವಾಗಿತ್ತು. ಎಡಗಾಲಿಗೆ ಬಟ್ಟೆ ಸುತ್ತಿತ್ತು. ಹೆಬ್ಬೆರಳು ಇರಬೇಕಾದಲ್ಲಿ ಇರಲಿಲ್ಲ. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಅವರು ನೋಡಿದರು.

"ಹಂಗ ನೋಡಬ್ಯಾಡವ್ವಾ. ಇದು ನಿನ್ನ ಬಾಟ್ಲಿ ಮಾಡಿದ್ದಲ್ಲ, ಚಪ್ಪಲಿ ಮೊಳಿ ಮಾಡಿದ್ದು."

ಒಳಗಿನಿಂದ ಅವರ ಹೆಂಡತಿ ಬಂದು ನಿಂತರು. ಅವರು ಗಂಡನ ಮಾತಿಗೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಮೈ ತುಂಬೇತಿ ಹುಡುಗಿ," ಎಂದು ಗಂಡನಿಗೆ ಹೇಳಿದರು. ಗಾಯ ಮಾಯದಿದ್ದದ್ದು ನನ್ನಿಂದಲೋ ಅಲ್ಲವೋ ನನಗೆ ಇಂದಿಗೂ ತಿಳಿಯದು. ಅವರು ಅದನ್ನು ತಿಳಿಯಲು ಬಿಡಲಿಲ್ಲ.

ನಾನು ಬಾಟ್ಲಿ ಕೊಟ್ಟೆ. ಸಂಗನಬಸಪ್ಪನವರು ತಿರುವಿ ಮುರುವಿ ನೋಡಿ ಹಿಂದಕ್ಕೆ ಚಾಚಿದರು. "ನನಗ ಇಂಗ್ಲೀಷ ಬರೂದಿಲ್ಲ. ತಾರೀಖು ಏನೈತಿ ಓದು."

ನಮ್ಮವರು ನನಗೆ ಅಂಕಿ, ತಿಂಗಳ ಹೆಸರು ಓದಲು ಕಲಿಸಿದ್ದರು. ಓದಿ ಹೇಳಿದೆ, "ಬರೂ ವರ್ಷದ ದೀಪಾವಳೀತನ ಐತ್ರಿ."

"ಹಂಗಾರ ಅಲ್ಲೀತನ ನಾ ಇರಲೇಬೇಕಾತು," ಎಂದು ನಕ್ಕು ತೋಳು ಮುಂದೆ ಮಾಡಿದರು. "ನೀನ ಚುಚ್ಚು."

ಅದುವರೆಗೆ ನಾನು ನನಗಲ್ಲದೆ ಬೇರೆ ಯಾರಿಗೂ ಚುಚ್ಚಿದವಳಲ್ಲ. ಅತ್ತೆಯ ಕಡೆ ನೋಡಿದೆ. ಅವಳು ಆಗಲೇ ಪಿಚಕಾರಿ ಕುದಿಸಲು ಪಾತ್ರೆ ಕೇಳುತ್ತಿದ್ದಳು. ಕುದಿಸಿ ಆರಿಸಿದೆವು. ಅವರು ಹೇಳಿದ ಗೆರೆಯವರೆಗೆ ಔಷಧ ಎಳೆದೆ, ಗಾಳಿಗುಳ್ಳೆ ಬಿಟ್ಟೆ. ಅವರ ಸಡಿಲಾದ ತೋಳಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಸೂಜಿ ಇಳಿಸಿದೆ.

"ನೋವಾತೇನ್ರಿ ಅಜ್ಜಾರ?"

"ಚುಚ್ಚಿದೇನು ಆಗಲೇ?" ಎಂದರು ಅವರು.